ಕಾರ್ಯಪ್ಪ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿಯ ಎಳ್ಳು ಬೆಲ್ಲ ಖಾಲಿಯಾಗುವ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. "ಈ ಸಲ ಕಾರ್ಯಪ್ಪ ದಿನ ಇದೆಯಾ?", "ತಿಂಡಿ ಇರುತ್ತಾ?", "ನನ್ನ ಮಗನಿಗೆ ಒಂದು ಭಾಷಣ ಬರೆದುಕೊಡ್ತೀರಾ?" ಬೆಂಗಳೂರಿನ ನಮ್ಮ ಬಡಾವಣೆಯ ಗ್ರಂಥಾಲಯದ ಹಾಲಿನಲ್ಲಿ ಪ್ರತಿ ಜನವರಿ 28ರಂದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹುಟ್ಟುಹಬ್ಬ ಮಾಡುತ್ತೇವೆ. ಮೊದಲ ವರ್ಷ ಹನ್ನೊಂದು ಜನ ಬಂದಿದ್ದರು, ಅದರಲ್ಲಿ ಮೂವರು ಪೇಪರ್ ಓದಲು ಬಂದವರು. ಈಗ ಕುರ್ಚಿ ಸಾಲುವುದಿಲ್ಲ. ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಾರ್ಯಪ್ಪ ಅಂದರೆ ಯಾರು? ಸುಮ್ನೆ ಎರಡು ಮಾತಲ್ಲಿ ಹೇಳಿ.

ಸ್ವತಂತ್ರ ಭಾರತದ ಸೇನೆಗೆ ದಂಡನಾಯಕರಾದ ಮೊದಲ ಭಾರತೀಯ. ಹುಟ್ಟಿದ್ದು 1899ರಲ್ಲಿ, ಕೊಡಗಿನ ಶನಿವಾರಸಂತೆಯಲ್ಲಿ. ತೀರಿಕೊಂಡಿದ್ದು 1993ರ ಮೇ 15ರಂದು, ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ.

ಎರಡು ಮಾತು ಸಾಲದು. ಸ್ವಲ್ಪ ಬಿಡಿಸಿ ಹೇಳ್ತೀರಾ?

ಖಂಡಿತ. ಅಪ್ಪ ಮಾದಪ್ಪನವರು ಕಂದಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಹುಡುಗ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯರಿಗೂ ಸೇನೆಯಲ್ಲಿ ಅಧಿಕಾರಿ ಹುದ್ದೆ ಕೊಡಬೇಕು ಅನ್ನುವ ಒತ್ತಾಯ ಜಾಸ್ತಿಯಾಗಿತ್ತು. ಇಂದೋರಿನ ಡೇಲಿ ಕಾಲೇಜಿನಲ್ಲಿ ಬ್ರಿಟಿಷರು ಒಂದು ತರಬೇತಿ ಶುರು ಮಾಡಿದರು. ಅದಕ್ಕೆ ಆಯ್ಕೆಯಾದ ಕೆಲವೇ ಹುಡುಗರಲ್ಲಿ ಕಾರ್ಯಪ್ಪನವರೂ ಒಬ್ಬರು. ಅಲ್ಲಿಂದ ಮುಂದೆ ಅವರು ಹತ್ತಿದ ಒಂದೊಂದು ಮೆಟ್ಟಿಲಿಗೂ "ಮೊದಲ ಭಾರತೀಯ" ಎಂಬ ಪದ ಅಂಟಿಕೊಂಡೇ ಬಂತು. 1933ರಲ್ಲಿ, ಸೇನಾ ಅಧಿಕಾರಿಗಳಿಗೆ ಮೇಲ್ಮಟ್ಟದ ತರಬೇತಿ ಕೊಡುವ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಒಂದು ಬೆಟಾಲಿಯನ್ನಿನ ಹೊಣೆ ಸಿಕ್ಕ ಮೊದಲ ಭಾರತೀಯ. ಕೊನೆಗೆ 1949ರಲ್ಲಿ ಇಡೀ ಸೇನೆ.

ಮಕ್ಕಳಿಗೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಆ ವರ್ಷಗಳ ಮಧ್ಯದ ಅಂತರ ನೋಡಿಸಿ ಸಾಕು. ಅಧಿಕಾರಿಯಾಗಿ ಸೇರಿದ್ದು 1919ರ ಕೊನೆಗೆ, ಬೆಟಾಲಿಯನ್ ಕೈಗೆ ಬಂದಿದ್ದು 1942ಕ್ಕೆ. ಇಪ್ಪತ್ತೆರಡು ವರ್ಷಕ್ಕೂ ಜಾಸ್ತಿ. ಅಷ್ಟು ದಿನ ಸಿಟ್ಟು ನುಂಗಿಕೊಂಡು, ತನ್ನ ಕೆಲಸದಲ್ಲಿ ಯಾರೂ ಬೆರಳು ತೋರಿಸದ ಹಾಗೆ ಬದುಕೋದು ಹೇಗೆ ಅಂತ ನಾನು ಈಗಲೂ ಯೋಚಿಸುತ್ತೇನೆ.

ಕಾರ್ಯಪ್ಪ ಅನ್ನಬೇಕೋ ಕಾರಿಯಪ್ಪ ಅನ್ನಬೇಕೋ?

ಎರಡೂ ನಡೆಯುತ್ತದೆ. ಪತ್ರಿಕೆಗಳಲ್ಲಿ ಎರಡೂ ಕಾಣುತ್ತೀರಿ. ನಾವು ಕಾರ್ಯಪ್ಪ ಅಂತ ಬರೆಯುತ್ತೇವೆ. ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಅನ್ನುವುದು ಒಕ್ಕದ, ಅಂದರೆ ಕೊಡವರ ಮನೆತನದ ಹೆಸರು. "ಕಿಪ್ಪರ್" ಎಂಬ ಅಡ್ಡಹೆಸರೂ ಇತ್ತು. ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರ್ಯಪ್ಪ ಅಂತ ಉಚ್ಚರಿಸಲು ನಾಲಿಗೆ ಹೊರಳದೆ ಇಟ್ಟ ಹೆಸರಂತೆ ಅದು. ಅವರ ಹೆಸರನ್ನೇ ಹೇಳಲಾಗದವರ ಮಧ್ಯೆ ಅವರು ಬೆಳೆದರು, ನೋಡಿ. 1948ರಲ್ಲಿ ಜಮ್ಮುವಿನ ನೌಶೇರಾ ಕಡೆಯ ಒಂದು ಕಾರ್ಯಾಚರಣೆಗೆ ಇದೇ ಹೆಸರು ಇಟ್ಟರು, ಆಪರೇಷನ್ ಕಿಪ್ಪರ್ ಅಂತ.

ಜನವರಿ 15ಕ್ಕೆ ಸೇನಾ ದಿನ ಇದೆಯಲ್ಲ. ಮತ್ತೆ 28ಕ್ಕೆ ಯಾಕೆ ಇನ್ನೊಂದು?

ಈ ಪ್ರಶ್ನೆ ಕೇಳಿದವರಿಗೆ ಒಂದು ಲೋಟ ಕಾಫಿ ಜಾಸ್ತಿ. ಜನವರಿ 15 ಸೇನಾ ದಿನವಾಗಿದ್ದೇ ಇವರಿಂದ. 1949ರ ಆ ದಿನ ಜನರಲ್ ಫ್ರಾನ್ಸಿಸ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿನೇಳು ತಿಂಗಳಾಗಿತ್ತು, ಆದರೂ ಸೇನೆಯ ತುದಿಯಲ್ಲಿ ಬ್ರಿಟಿಷ್ ಅಧಿಕಾರಿಯೇ ಇದ್ದರು. ತುಂಬಾ ಜನಕ್ಕೆ ಇದು ಗೊತ್ತಿಲ್ಲ. 1947ರ ಆಗಸ್ಟಿನಲ್ಲಿ ಬಾವುಟ ಬದಲಾದ ಕೂಡಲೇ ಎಲ್ಲವೂ ಬದಲಾಯಿತು ಅಂದುಕೊಂಡಿರುತ್ತಾರೆ.

ಸೇನಾ ದಿನದ ಮುಖ್ಯ ಪೆರೇಡ್ ಎಷ್ಟೋ ವರ್ಷ ದೆಹಲಿಯಲ್ಲೇ ನಡೆಯುತ್ತಿತ್ತು. ಅಲ್ಲಿನ ಕಂಟೋನ್ಮೆಂಟಿನ ಮೈದಾನಕ್ಕೂ ಕಾರ್ಯಪ್ಪ ಪೆರೇಡ್ ಗ್ರೌಂಡ್ ಅಂತಲೇ ಹೆಸರು. ದೆಹಲಿ ಬಿಟ್ಟು ಮೊದಲ ಸಲ ಹೊರಗೆ ಬಂದಿದ್ದು 2023ರಲ್ಲಿ, ಅದೂ ಬೆಂಗಳೂರಿಗೆ. ಆಮೇಲೆ 2024ಕ್ಕೆ ಲಖನೌ, 2025ಕ್ಕೆ ಪುಣೆ. ನಮ್ಮಲ್ಲಿ ನಡೆದಿದ್ದು ಹಲಸೂರು ಕೆರೆ ಕಡೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರ್ ಪಡೆ) ಕೇಂದ್ರದ ಮೈದಾನದಲ್ಲಿ. ನಮ್ಮ ಕೂಟದಲ್ಲಿ ಎಂಇಜಿಯಿಂದ ನಿವೃತ್ತರಾದ ಸುಬೇದಾರ್ ಸಾಹೇಬ್ರು ಒಬ್ಬರಿದ್ದಾರೆ. ಹಿಂದಿನ ರಾತ್ರಿಯೇ ಬ್ಲೇಜರ್ ಇಸ್ತ್ರಿ ಮಾಡಿ, ಅದಕ್ಕೊಂದು ಹಳೇ ಪಂಚೆ ಹೊದಿಸಿ, ಮಂಚದ ಮೇಲೆ ಮಲಗಿಸಿ, ತಾವು ಚಾಪೆಯ ಮೇಲೆ ಮಲಗಿದ್ದರಂತೆ. ಅವರ ಹೆಂಡತಿ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಕಾರ್ಯಕ್ರಮ ಎಷ್ಟು ಹೊತ್ತಿಗೆ?

ಒಂಬತ್ತೂವರೆಗೆ. ಒಂಬತ್ತೂವರೆ ಅಂದರೆ ಒಂಬತ್ತೂವರೆಯೇ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡೆ ಅನ್ನುವ ಕಾರಣ ನಡೆಯೋದಿಲ್ಲ. ಎರಡು ವರ್ಷದ ಹಿಂದೆ ಮುಖ್ಯ ಅತಿಥಿಗಳು ನಲವತ್ತು ನಿಮಿಷ ತಡವಾಗಿ ಬಂದರು. ನಾವು ಕಾಯಲಿಲ್ಲ. ಅವರು ಬಂದಾಗ ಇಡ್ಲಿ ಬಡಿಸುತ್ತಿದ್ದೆವು. ಪಾಪ, ಬೇಜಾರಾದರು. ಆದರೆ ಗಡಿಯಾರದ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಮನುಷ್ಯನ ಹುಟ್ಟುಹಬ್ಬ ತಡವಾಗಿ ಶುರು ಮಾಡಿದರೆ ಹೇಗೆ?

ತಿಂಡಿ?

ಇಡ್ಲಿ, ವಡೆ, ಕೊಡಗಿನ ಕಾಫಿ. ದುಡ್ಡು ಬೇಡ. ಲೋಟ ತೊಳೆದಿಡಿ.

ಅವರ ಗುಣ ಗುಣ ಅಂತೀರಲ್ಲ, ಒಂದು ಉದಾಹರಣೆ ಕೊಡಿ ನೋಡೋಣ.

1965ರ ಸೆಪ್ಟೆಂಬರ್. ಪಾಕಿಸ್ತಾನದ ಜೊತೆಗಿನ ಯುದ್ಧ ಇನ್ನೇನು ನಿಲ್ಲುವುದರಲ್ಲಿತ್ತು. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ವಾಯುಪಡೆಯ ಪೈಲಟ್. ಅವರು ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿ ಪಾಕಿಸ್ತಾನದವರ ಕೈಗೆ ಸೆರೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮುಂಚೆ, ವಾಯವ್ಯ ಗಡಿಯಲ್ಲಿ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಸೆರೆಯಾದವನು ಯಾರ ಮಗ ಅಂತ ತಿಳಿದ ಕೂಡಲೇ ಅಯೂಬ್ ಖಾನ್ ಕಡೆಯಿಂದ ಕಾರ್ಯಪ್ಪನವರಿಗೆ ಸುದ್ದಿ ಬಂತು. ಮಗ ಕ್ಷೇಮವಾಗಿದ್ದಾನೆ, ಬೇಕಿದ್ದರೆ ಬಿಟ್ಟು ಕಳಿಸುತ್ತೇವೆ ಎಂಬ ಅರ್ಥದ ಮಾತು.

ಕಾರ್ಯಪ್ಪನವರು ಒಪ್ಪಲಿಲ್ಲ. ಅಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ, ಇವನೊಬ್ಬನಿಗೆ ಬೇರೆ ಏನೂ ಬೇಡ ಅನ್ನುವುದು ಅವರ ಉತ್ತರದ ಸಾರ. ನಂದಾ ಅವರು ಉಳಿದವರ ಜೊತೆಯಲ್ಲೇ ಸೆರೆಯಲ್ಲಿದ್ದು, ಮುಂದಿನ ವರ್ಷ ಬಿಡುಗಡೆಯಾಗಿ ಬಂದರು. ಆಮೇಲೆ ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು.

ಇದನ್ನು ಹೇಳಿದಾಗಲೆಲ್ಲ ಹಾಲಿನಲ್ಲಿ ಚಪ್ಪಾಳೆ ಬೀಳುತ್ತದೆ. ಹೋದ ವರ್ಷ ಒಂದು ಏಳನೇ ಕ್ಲಾಸಿನ ಹುಡುಗಿ ಚಪ್ಪಾಳೆ ತಟ್ಟದೆ ಕೈ ಎತ್ತಿದಳು. "ಅಂಕಲ್, ಅವರ ಮಗನಿಗೆ ಬೇಜಾರಾಗಲಿಲ್ವಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸುಬೇದಾರ್ ಸಾಹೇಬ್ರು ಎದ್ದು ನಿಂತು, "ಪಕ್ಕದ ಸೆಲ್ಲಿನಲ್ಲಿ ಇದ್ದವನ ಅಪ್ಪ ಯಾರಮ್ಮ? ಅವನಿಗೆ ಯಾರು ಫೋನ್ ಮಾಡ್ತಾರೆ?" ಅಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕುಳಿತಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆ ದಿನದ ಅತ್ಯುತ್ತಮ ಪ್ರಶ್ನೆ ಅದೇ.

ನಮ್ಮೂರಿನಲ್ಲಿ ಮಗನ ಶಾಲೆ ಸೀಟಿನಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೂ "ನಮ್ಮವರು ಯಾರಾದ್ರೂ ಇದ್ದಾರಾ ಅಲ್ಲಿ?" ಅಂತ ಕೇಳುವುದು ನಮಗೆ ಉಸಿರಾಟದಷ್ಟು ಸಹಜ, ಅಲ್ವಾ? ನಾನೂ ಕೇಳಿದ್ದೇನೆ. ಇವರಿಗೆ ಅಲ್ಲಿ ಇದ್ದ ನಮ್ಮವರು ಆ ದೇಶದ ಅಧ್ಯಕ್ಷರೇ.

ಕಾಶ್ಮೀರದ ಯುದ್ಧದಲ್ಲಿ ಅವರ ಪಾತ್ರ ಏನು?

1948ರ ಜನವರಿಯಲ್ಲಿ ಪಶ್ಚಿಮ ಭಾಗದ ಸೇನೆಯ ಹೊಣೆ ಅವರ ಹೆಗಲಿಗೆ ಬಂತು. ಕಾಶ್ಮೀರದಲ್ಲಿ ಹೋರಾಡುತ್ತಿದ್ದ ಪಡೆಗಳೆಲ್ಲ ಅದರ ಕೆಳಗೇ ಇದ್ದವು. ಎದುರಾಳಿಗಳು ಹಿಡಿದಿದ್ದ ಝಂಗಢ ಎಂಬ ಊರು ಮಾರ್ಚಿನಲ್ಲಿ ಮತ್ತೆ ಕೈಗೆ ಬಂತು. ಲಡಾಖಿನ ಲೇಹ್ ಕಡೆ ಹೋಗುವ ದಾರಿ ಮಾತ್ರ ಜೋಜಿಲಾ ಕಣಿವೆಯಲ್ಲಿ ಕಟ್ಟಿಹೋಗಿತ್ತು. ಅದು 11,500 ಅಡಿಗೂ ಜಾಸ್ತಿ ಎತ್ತರದ ಜಾಗ. ಬರೀ ಕಾಲಾಳುಗಳಿಂದ ಭೇದಿಸಲು ಆಗಲಿಲ್ಲ. ಆಗ ಅಲ್ಲಿಗೆ ಟ್ಯಾಂಕ್ ಹತ್ತಿಸುವ ಯೋಚನೆ ಬಂತು. ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿ, ನವೆಂಬರ್ 1ರಂದು ಕಣಿವೆಗೆ ನುಗ್ಗಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಮೇಲಿನ ಹೊಣೆ ಕಾರ್ಯಪ್ಪನವರದು, ಆದರೆ ಅಲ್ಲೇ ನಿಂತು, ಟ್ಯಾಂಕಿನಲ್ಲೇ ಕೂತು ನಡೆಸಿದವರು ಕೆ.ಎಸ್. ತಿಮ್ಮಯ್ಯ. ಆ ಶ್ರೇಯಸ್ಸು ಅವರಿಗೇ ಹೋಗಬೇಕು.

ಬೆಂಗಳೂರಿನವರು ನೆನಪಿಡಬೇಕಾದ ಇನ್ನೊಂದು ವಿಷಯ ಇದೆ. ಬರೀ ಹೇಸರಗತ್ತೆ ಓಡಾಡುವ ಆ ಹಾದಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅಂದರೆ ನಮ್ಮ ಹಲಸೂರಿನ ಎಂಇಜಿಯವರೇ. ಸೇನೆಯಲ್ಲಿ ಅವರನ್ನು "ತಂಬಿ" ಅಂತ ಕರೆಯುತ್ತಾರೆ. ಸುಬೇದಾರ್ ಸಾಹೇಬ್ರ ಮುಂದೆ ಜೋಜಿಲಾ ವಿಷಯ ಎತ್ತಿದರೆ ಮಧ್ಯಾಹ್ನದ ಊಟ ತಪ್ಪಿತು ಅಂತಲೇ ಲೆಕ್ಕ.

ತಿಮ್ಮಯ್ಯ, ಕಾರ್ಯಪ್ಪ ಇಬ್ಬರೂ ಒಬ್ಬರೇನಾ? ನನಗೆ ಯಾವಾಗಲೂ ಗೊಂದಲ.

ನಗಬೇಡಿ, ಇದು ನಮಗೂ ಆಗಿದೆ. ಮೂರನೇ ವರ್ಷ ಫ್ಲೆಕ್ಸ್ ಮಾಡಿಸಲು ಅಂಗಡಿಗೆ ಹೆಸರು ಬರೆದುಕೊಟ್ಟು ಬಂದೆ. ಫೋಟೋ ನೀವೇ ಹುಡುಕಿ ಹಾಕಿ ಅಂದೆ, ನನ್ನದೇ ತಪ್ಪು. ಬೆಳಿಗ್ಗೆ ಹಾಲಿನ ಬಾಗಿಲಿಗೆ ಎಂಟಡಿ ಫ್ಲೆಕ್ಸ್ ಕಟ್ಟಿ, ಹೂವಿನ ಹಾರವನ್ನೂ ಹಾಕಿ ಆಗಿತ್ತು. ನಮ್ಮ ಬೀದಿಯಲ್ಲಿರುವ ಕೊಡವರ ಅಜ್ಜಿ ಕೋಲು ಊರಿಕೊಂಡು ಬಂದರು. ಮೇಲಿಂದ ಕೆಳಗೆ ನೋಡಿದರು. "ಇವರು ತಿಮ್ಮಯ್ಯ ಅಲ್ವಾ ಮಗಾ? ಇಬ್ಬರೂ ಕೊಡಂದೇರ ಒಕ್ಕದವರೇ ಬಿಡು. ಆದರೆ ಇವತ್ತು ಹುಟ್ಟುಹಬ್ಬ ಇವರದ್ದಲ್ಲ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಗಾಗಿ ಸರಿಯಾಗಿ ಕೇಳಿಸಿಕೊಳ್ಳಿ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು. ಕೊರಿಯಾ ಯುದ್ಧ ನಿಂತ ಮೇಲೆ ಸೆರೆಯಾಳುಗಳ ವಿಷಯ ನೋಡಿಕೊಳ್ಳಲು ಮಾಡಿದ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಾ 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಪ್ರತ್ಯೇಕ ದಿನ ಮಾಡುವಷ್ಟು ದೊಡ್ಡ ಬದುಕು. ಒಂದು ದಿನ ಮಾಡುತ್ತೇವೆ ಕೂಡ.

ಬೆಂಗಳೂರಿನಲ್ಲಿ ಅವರ ನೆನಪಿಗೆ ಏನಿದೆ?

ರೆಸಿಡೆನ್ಸಿ ರೋಡ್. ಅದರ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಪಕ್ಕದ ರಿಚ್ಮಂಡ್ ರೋಡ್ ಜನರಲ್ ತಿಮ್ಮಯ್ಯ ರಸ್ತೆ. ಒಂದೇ ಒಕ್ಕದ ಇಬ್ಬರು ಹತ್ತಿರ ಹತ್ತಿರದ ಎರಡು ರಸ್ತೆಗಳಾಗಿದ್ದಾರೆ. ಆದರೆ ಆಟೋ ಹತ್ತಿ "ಕಾರ್ಯಪ್ಪ ರಸ್ತೆ" ಅಂದು ನೋಡಿ. ನಾನು ಅಂದಿದ್ದೆ. ಡ್ರೈವರ್ ಹಿಂದೆ ತಿರುಗಿ, "ಯಾವ ಏರಿಯಾ ಸಾರ್?" ಅಂದರು. ವಿವರಿಸಿದ ಮೇಲೆ, "ರೆಸಿಡೆನ್ಸಿ ರೋಡ್ ಅಂತ ನೆಟ್ಟಗೆ ಹೇಳಬಾರ್ದಾ?" ಅಂತ ನನಗೇ ಬೈದರು. ಅವರನ್ನು ದೂರಿ ಏನು ಪ್ರಯೋಜನ? ನಾವು ಯಾರೂ ಬಾಯಿಬಿಟ್ಟು ಆ ಹೆಸರು ಹೇಳೋದಿಲ್ಲ.

ನೆಹರೂ ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಅದು ಒಬ್ಬರಿಗೆ ಮೀಸಲಾದ ಜಾಗವಲ್ಲ, ಪ್ರಾಣ ಕೊಟ್ಟ ಸೈನಿಕರೆಲ್ಲರದು. ಬ್ರಿಗೇಡ್ ರೋಡ್ ರೆಸಿಡೆನ್ಸಿ ರೋಡಿಗೆ ಸೇರುವ ಕಡೆ ಹಳೆಯ ಯುದ್ಧ ಸ್ಮಾರಕದ ಕಂಬವೊಂದಿದೆ. ಶಾಪಿಂಗಿಗೆ ಹೋದವರು ಅದರ ಪಕ್ಕದಲ್ಲೇ ಸಿಗ್ನಲ್ ದಾಟುತ್ತಾರೆ. ಒಮ್ಮೆ ನಿಂತು ಓದಿ.

ಮಾಣೆಕ್ ಷಾ ಪೆರೇಡ್ ಮೈದಾನ ಅವರದ್ದೇನಾ?

ಅಲ್ಲ. ಅದು ಇನ್ನೊಬ್ಬ ಫೀಲ್ಡ್ ಮಾರ್ಷಲ್, ಸ್ಯಾಮ್ ಮಾಣೆಕ್ ಷಾ ಅವರ ಹೆಸರಿನದು. ಭಾರತೀಯ ಸೇನೆಯಲ್ಲಿ ಆ ಪದವಿ ಪಡೆದವರು ಇವರಿಬ್ಬರೇ. ಮಾಣೆಕ್ ಷಾ ಅವರಿಗೆ 1973ರಲ್ಲಿ, ಕಾರ್ಯಪ್ಪನವರಿಗೆ 1986ರಲ್ಲಿ. ಸೇನೆಯಿಂದ ನಿವೃತ್ತರಾಗಿ ಮೂವತ್ತಮೂರು ವರ್ಷದ ಮೇಲೆ, 87ನೇ ವಯಸ್ಸಿನಲ್ಲಿ ಸಿಕ್ಕಿತು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅನ್ನುವುದೇ ಇಲ್ಲ. ಹಾಗಾಗಿ ನಿವೃತ್ತಿಯಾಗಿದ್ದವರು ಮತ್ತೆ ಸೇವೆಗೆ ಬಂದ ಹಾಗಾಯಿತು!

ಸೇನೆಗೆ ಅವರು ಬಿಟ್ಟುಹೋಗಿದ್ದು ಏನು?

ಬ್ರಿಟಿಷರ ಕಾಲದಲ್ಲಿ ಕಾಲಾಳು ರೆಜಿಮೆಂಟುಗಳನ್ನು ಜಾತಿ, ಪ್ರದೇಶ ನೋಡಿ ಕಟ್ಟಿದ್ದರು. ಇಂಥವರು ಯುದ್ಧಕ್ಕೆ ಲಾಯಕ್ಕು, ಇಂಥವರು ಅಲ್ಲ ಅನ್ನುವ ಲೆಕ್ಕಾಚಾರ. 1949ರಲ್ಲಿ ಕಾರ್ಯಪ್ಪನವರ ಕಾಲದಲ್ಲಿ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ಹೊಸ ರೆಜಿಮೆಂಟ್ ಶುರುವಾಯಿತು. ಅದರಲ್ಲಿ ಎಲ್ಲ ಜಾತಿ, ಎಲ್ಲ ಪ್ರದೇಶದವರೂ ಒಟ್ಟಿಗೆ. ಅದೇ ವರ್ಷ ಟೆರಿಟೋರಿಯಲ್ ಆರ್ಮಿ, ಅಂದರೆ ಬೇರೆ ಉದ್ಯೋಗದಲ್ಲಿ ಇದ್ದುಕೊಂಡೇ ಸೇವೆ ಮಾಡುವವರ ಪಡೆಯೂ ಬಂತು. ಹಳೆಯ ರೆಜಿಮೆಂಟುಗಳು ಅವತ್ತೇ ಬದಲಾಗಲಿಲ್ಲ, ಹಲವು ಈಗಲೂ ಹಳೆಯ ಹೆಸರಿನಲ್ಲೇ ಇವೆ.

ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸೇನೆ ರಾಜಕೀಯದಿಂದ ದೂರ ಇರಬೇಕು ಅಂತ ಅವರು ಪಟ್ಟು ಹಿಡಿದರು. ಅಕ್ಕಪಕ್ಕದ ದೇಶಗಳ ಕತೆ ನೋಡಿ. ಅವರ ಕೈಕೆಳಗೆ ಇದ್ದ ಅದೇ ಅಯೂಬ್ ಖಾನ್ 1958ರಲ್ಲಿ ತಮ್ಮ ದೇಶದ ಅಧಿಕಾರವನ್ನೇ ಕೈಗೆ ತೆಗೆದುಕೊಂಡರು. ಕಾರ್ಯಪ್ಪನವರು ನಾಲ್ಕು ವರ್ಷ ಮುಗಿಸಿ, 1953ರ ಜನವರಿಯಲ್ಲಿ ಸದ್ದಿಲ್ಲದೆ ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಹೋಗಿ ಬಂದು, ಮಡಿಕೇರಿಯ "ರೋಶನಾರ" ಮನೆಯಲ್ಲಿ ಗಿಡಮರ ನೋಡಿಕೊಂಡು ಬದುಕಿದರು.

ಬರೀ ಹೊಗಳಿಕೆಯೇನಾ? ತಪ್ಪುಗಳೇ ಇರಲಿಲ್ವಾ?

ಇತ್ತು, ಮಾತಾಡುತ್ತೇವೆ ಕೂಡ. ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಸೈನಿಕರನ್ನು ಮತ್ತೆ ಸೇನೆಗೆ ಸೇರಿಸಿಕೊಳ್ಳಬಾರದು ಅನ್ನುವ ಕಡೆ ಅವರು ನಿಂತರು. ಇದನ್ನು ಒಪ್ಪದವರು ನಮ್ಮ ಹಾಲಿನಲ್ಲೇ ಇದ್ದಾರೆ, ಪ್ರತಿ ವರ್ಷ ಜಗಳ ಆಗುತ್ತದೆ. ಸೇನೆ ರಾಜಕೀಯಕ್ಕೆ ಬರಬಾರದು ಎಂದವರು 1971ರಲ್ಲಿ ಮುಂಬೈಯಿಂದ ಲೋಕಸಭೆ ಚುನಾವಣೆಗೆ ನಿಂತರು, ಸೋತರು. ಸಮವಸ್ತ್ರ ಕಳಚಿದ ಮೇಲೆ ನಿಂತಿದ್ದು ತಪ್ಪೇನಲ್ಲ ಅಂತ ಕೆಲವರು ಹೇಳುತ್ತಾರೆ. ನನಗೇನೋ ಅವರು ನಿಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಇನ್ನು ಅವರ ಹಿಂದಿ ಅಷ್ಟಕ್ಕಷ್ಟೇ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸೈನಿಕರ ಮುಂದೆ ಭಾಷಣಕ್ಕೆ ನಿಂತು, ದೇಶ ಸ್ವತಂತ್ರವಾಯಿತು ಅನ್ನುವ ಬದಲು "ಮುಫ್ತ್" ಆಯಿತು, ನೀವೂ ಮುಫ್ತ್, ನಾವೂ ಮುಫ್ತ್ ಅಂದರು ಎಂಬ ಕತೆ ಸೇನೆಯಲ್ಲಿ ಓಡಾಡುತ್ತದೆ. ಮುಫ್ತ್ ಅಂದರೆ ಪುಕ್ಕಟೆ. ನಡೆದಿತ್ತೋ, ಯಾರೋ ಕಟ್ಟಿದ ಕತೆಯೋ. ಅಜ್ಜಿ ಮಾತ್ರ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಭಾರತರತ್ನ ಯಾಕೆ ಕೊಟ್ಟಿಲ್ಲ?

ಕೊಡುವವರು ನಾವಲ್ಲ. 2017ರಲ್ಲಿ ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಗಳನ್ನು ಅನಾವರಣ ಮಾಡಿದಾಗ, ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರೇ ಕಾರ್ಯಪ್ಪನವರಿಗೆ ಭಾರತರತ್ನ ಸಿಗಬೇಕು ಅಂದಿದ್ದರು. ಇದುವರೆಗೆ ಬಂದಿಲ್ಲ. ಹಾಲಿನಲ್ಲಿ ಈ ವಿಷಯಕ್ಕೆ ಸಹಿ ಸಂಗ್ರಹ ಮಾಡುವುದಿಲ್ಲ, ದಯವಿಟ್ಟು ಕಾಗದ ತರಬೇಡಿ.

ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗಬೇಕು. ಏನು ನೋಡಬಹುದು?

ತಿಮ್ಮಯ್ಯನವರು ಹುಟ್ಟಿದ ಮನೆ "ಸನ್ನಿ ಸೈಡ್" ಈಗ ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅರ್ಧ ದಿನ ಇಟ್ಟುಕೊಳ್ಳಿ. ಕಾರ್ಯಪ್ಪನವರ ಹೆಸರಿನ ಕಾಲೇಜೂ ಊರಿನಲ್ಲಿದೆ. ರೋಶನಾರ ಮಾತ್ರ ಮನೆ, ಮ್ಯೂಸಿಯಂ ಅಲ್ಲ. ಗೇಟಿನಲ್ಲಿ ನಿಂತು ಸೆಲ್ಫಿ ಹೊಡೆಯಬೇಡಿ.

ಮಗನಿಗೆ ಮಿಲಿಟರಿ ಡ್ರೆಸ್ ಹಾಕಿಸಿ ಕರೆತರಬಹುದಾ?

ಬೇಡ. ಶಾಲೆ ಯೂನಿಫಾರಂ ಸಾಕು, ಶೂ ಪಾಲಿಶ್ ಆಗಿದ್ದರೆ ಇನ್ನೂ ಒಳ್ಳೇದು. ಸುಬೇದಾರ್ ಸಾಹೇಬ್ರು ಮೊದಲು ನೋಡೋದೇ ಶೂ.

ನಮ್ಮ ತಾತನ ಪದಕಗಳಿವೆ. ತರಬಹುದಾ?

ತನ್ನಿ. ಬಿಳಿ ಬಟ್ಟೆ ಹಾಸಿದ ಮೇಜು ಅದಕ್ಕೇ ಇರುತ್ತದೆ. ಪಕ್ಕದಲ್ಲಿ ಒಂದು ಚೀಟಿ ಬರೆದಿಡಿ: ತಾತನ ಹೆಸರು, ಊರು, ಯಾವ ಪಡೆ. ಕಳೆದ ಸಲ ಒಬ್ಬರು ಬಿಸ್ಕತ್ತಿನ ಡಬ್ಬದಲ್ಲಿ ತಂದರು. ಒಳಗೆ ಬರ್ಮಾ ಸ್ಟಾರ್, ಅದಕ್ಕೆ ಅಂಟಿಕೊಂಡ ನುಸಿಗುಳಿಗೆ, ಜೊತೆಗೆ ಮಡಚಿ ಮಡಚಿ ಹರಿಯುವ ಹಾಗಿದ್ದ ಒಂದು ಪೋಸ್ಟ್ ಕಾರ್ಡ್. ಬಂದವರೆಲ್ಲ ಕಾರ್ಯಪ್ಪನವರ ಫೋಟೋಗಿಂತ ಜಾಸ್ತಿ ಹೊತ್ತು ಆ ಡಬ್ಬದ ಮುಂದೆ ನಿಂತಿದ್ದರು. ನಮಗೇನೂ ಬೇಜಾರಾಗಲಿಲ್ಲ.

ಈ ಸಲ ಫ್ಲೆಕ್ಸ್ ಯಾರು ಮಾಡಿಸ್ತಾರೆ?

ಯಾರೂ ಇಲ್ಲ. ಒಂದು ಕಪ್ಪು ಕಟ್ಟಿನ ಫೋಟೋ ಇದೆ, ಅದನ್ನೇ ಇಡುತ್ತೇವೆ. ಹಿಂದಿನ ಸಂಜೆ ಅಜ್ಜಿ ಬಂದು ನೋಡಿ ಹೂಂ ಅಂದ ಮೇಲೆ ಮೊಳೆ ಹೊಡೆಯೋದು.